ಮೂರನೆಯ ಪೆಟ್ಟಿಗೆ

ಡಿಸೆಂಬರ್ ಆರು, ಶನಿವಾರ. ಮಂಜು ತಡವಾಗಿ ಕರಗಿತು; ಆಮೇಲೆ ಒಣ ಬಿಸಿಲು.

"ಬುದ್ಧಿ, ಕೆಲಸಕ್ಕೆ ಬಾರದವನನ್ನು ತೆಗೆದು ಇನ್ನೊಬ್ಬನನ್ನು ಇಡುವುದು ತಪ್ಪೇ?" ಎಂದು ಮಠದ ಕಿರಿಯ ಸ್ವಾಮಿಗಳಾದ ಮರಿದೇವರು ಗುರುಗಳನ್ನು ಕೇಳಿದರು.

ಮಠದ ವಿದ್ಯಾರ್ಥಿನಿಲಯ ಮರಿದೇವರ ವಶದಲ್ಲಿತ್ತು. ಹುಡುಗರು ವಾರ್ಡನ್ ಮಾತು ಕೇಳುತ್ತಿರಲಿಲ್ಲ, ಓದು ಕೆಟ್ಟಿತ್ತು. ಒಬ್ಬ ವಾರ್ಡನ್‌ನನ್ನು ಆಗಲೇ ಕಳಿಸಿದ್ದಾಗಿತ್ತು. ಎರಡನೆಯವನಾದ ಗುರುಪಾದಪ್ಪ ಟ್ರಂಕಿಗೆ ಬೀಗ ಹಾಕಿಕೊಂಡು ಹೊರಗಿನ ಜಗಲಿಯಲ್ಲಿ ಕೂತಿದ್ದ. ಗುರುಗಳು ಹೂಂ ಎಂದರೆ ಅವನು ಹೊರಡಬೇಕು. ಅವನಿಗೆ ಹಿಡಿತವೂ ಇಲ್ಲ, ಕರುಣೆಯೂ ಇಲ್ಲ ಎಂದು ಮರಿದೇವರು ಹೇಳಿದರು. ಅವನು ರಜೆ ಇಲ್ಲವೆಂದರೆ ಹುಡುಗರು ಅಳುತ್ತ ತಮ್ಮ ಹತ್ತಿರ ಬರುತ್ತಾರೆ. ಪ್ರತಿ ಸಲ ತಾವೇ ಸಮಾಧಾನ ಮಾಡಿ, ರಜೆ ಕೊಟ್ಟು ಕಳಿಸಬೇಕಾಗುತ್ತದೆ. ಮೂರನೆಯವನೊಬ್ಬನನ್ನು ನೋಡಿಟ್ಟಿದ್ದೇನೆ ಎಂದರು.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಟ್ಯಾಕ್ಸಿಯವನಿದ್ದ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎಡಗಾಲಿನ ಶಕ್ತಿ ಹೋಗಿತ್ತು. ಕ್ಲಚ್ ಒತ್ತಲಾರ. ಆದ್ದರಿಂದ ಗೇರು ತಾನೇ ಬದಲಾಗುವ ಗಾಡಿ ಕೊಂಡಿದ್ದ. ಅದು ಬರುವ ಮೊದಲು ಅವನು ಭಾವಮೈದುನನ ಅಂಗಡಿಯ ಮುಂದೆ ಒಂದು ಸ್ಟೂಲಿನ ಮೇಲೆ ದಿನ ಕಳೆಯುತ್ತಿದ್ದ. ಗಾಡಿ ನಿಂತರೆ ಮತ್ತೆ ಅದೇ ಸ್ಟೂಲು.

ಒಂದು ದಿನ ಗಾಡಿ ಮೂರನೇ ಗೇರಿನಲ್ಲಿ ಸಿಕ್ಕಿಕೊಂಡಿತು. ಏರಿಗೂ ಅದೇ, ಇಳಿಜಾರಿಗೂ ಅದೇ. ಮೆಲ್ಲಗೆ ಒಬ್ಬ ಮೆಕ್ಯಾನಿಕ್ ಹತ್ತಿರ ತಂದ. ಮೆಕ್ಯಾನಿಕ್ ಕೈ ಪಳಗಿದವನು. ಗೇರುಬಾಕ್ಸಿನ ಆಯಿಲ್ ನೋಡಿದ, ಕೆಟ್ಟಿರಲಿಲ್ಲ. ಬ್ಯಾಟರಿ ನೋಡಿದ, ಕರೆಂಟು ಸರಿಯಾಗಿ ಬರುತ್ತಿತ್ತು. ಸ್ಕ್ಯಾನರ್ ಹಾಕಿದ. ಯಾವ ಗೇರು ಯಾವಾಗ ಬೀಳಬೇಕೆಂದು ಹೇಳುವ ಕಂಟ್ರೋಲ್ ಪೆಟ್ಟಿಗೆ ಮಾತ್ರ ಎಷ್ಟು ಕೇಳಿದರೂ ಉತ್ತರ ಕೊಡಲಿಲ್ಲ. ಅಣ್ಣ, ನಿಮ್ಮ ಗಾಡಿಗೆ ವಯಸ್ಸಾಗಿಲ್ಲ, ಮರೆವು ಬಂದಿದೆ ಎಂದು ನಕ್ಕ. ಸತ್ತದ್ದನ್ನು ತೆಗೆದ, ಹೊಸ ಪೆಟ್ಟಿಗೆ ಕೂರಿಸಿದ. ಅದಕ್ಕೆ ಈ ಗಾಡಿಯ ಗುರುತು ತುಂಬಿದ. ಹೆದ್ದಾರಿಯಲ್ಲಿ ಓಡಿಸಿ ಓಡಿಸಿ ಗೇರುಗಳ ಪಾಠ ಹೇಳಿಕೊಟ್ಟ. ಗಾಡಿ ಬೆಣ್ಣೆಯ ಹಾಗೆ ಹೋಯಿತು. ಕೀಲಿ ಕೊಡುವಾಗ ಬಾನೆಟ್ ಎತ್ತಿ, ಬ್ಯಾಟರಿ ಪಕ್ಕದ ಆ ಕಪ್ಪು ಪೆಟ್ಟಿಗೆಯನ್ನು ತಟ್ಟಿ ತೋರಿಸಿದ. ಇದೇ ಗಾಡಿಯ ಮೆದುಳು, ಜೋಪಾನವಾಗಿ ನೋಡಿಕೊಳ್ಳಿ ಎಂದ.

ಟ್ಯಾಕ್ಸಿಯವನು ನೋಡಿಕೊಂಡ. ಹಿಂದಿಗಿಂತ ಹೆಚ್ಚಾಗಿಯೇ ನೋಡಿಕೊಂಡ. ಮೊದಲ ಪೆಟ್ಟಿಗೆ ಕೆಲವು ವರ್ಷ ಬಾಳಿತ್ತು. ಎರಡನೆಯದು ಒಂದು ಮಳೆಗಾಲವನ್ನೂ ಕಾಣಲಿಲ್ಲ.

ಗಾಡಿ ಮತ್ತೆ ಮೂರನೇ ಗೇರಿನಲ್ಲಿ ತೆವಳುತ್ತ ಬಂತು. ಈ ಸಲ ಮೆಕ್ಯಾನಿಕ್ ನಗಲಿಲ್ಲ. ಸ್ಕ್ಯಾನರ್ ಪಕ್ಕಕ್ಕಿಟ್ಟು ಪೆಟ್ಟಿಗೆಗೆ ಚುಚ್ಚಿದ್ದ ತಂತಿಗಳ ಗೊಂಚಲನ್ನು ಬಿಡಿಸಿ ನೋಡಿದ. ಒಳಗಿನ ಪಿನ್ನುಗಳೆಲ್ಲ ಹಸಿರು ಕಟ್ಟಿದ್ದವು. ಬೆರಳಿಟ್ಟ; ಅಂಟಿತು. ನೀರು ಒಣಗಿದರೆ ಅಂಟುವುದಿಲ್ಲ. ಎಂಜಿನ್‌ಗೆ ಏನಾದರೂ ಸುರಿಯುತ್ತೀರಾ ಎಂದು ಕೇಳಿದ. ಟ್ಯಾಕ್ಸಿಯವನಿಗೆ ನೋವಾಯಿತು. ಪೈಪ್ ಹಿಡಿಯುವುದೇ ಇಲ್ಲ, ಬರೀ ಒಣ ಬಟ್ಟೆಯಲ್ಲಿ ಒರೆಸುತ್ತೇನೆ, ನನ್ನ ಅನ್ನಕ್ಕೆ ನಾನೇ ನೀರು ಹಾಕುತ್ತೇನೆಯೇ ಎಂದ. ಅವನು ಹೇಳಿದ್ದು ನಿಜವೇ. ಮೆಕ್ಯಾನಿಕ್ ವಾದ ಮಾಡಲಿಲ್ಲ. ಹೇಗೋ ಮನೆಗೆ ಒಯ್ಯಿರಿ, ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ, ನಾನು ಇಲ್ಲವೆಂದುಕೊಂಡು ಗಾಡಿಗೆ ಮಾಡುವುದನ್ನೆಲ್ಲ ಮಾಡಿ ಎಂದ.

ಮರುದಿನ ಶುಕ್ರವಾರ. ಟ್ಯಾಕ್ಸಿಯವನು ಸ್ನಾನ ಮಾಡಿ ಬಂದ. ಗಾಡಿಯನ್ನು ಒರೆಸಿದ, ಕುಂಕುಮ ಇಟ್ಟ, ಊದುಬತ್ತಿ ಬೆಳಗಿದ. ಬಾನೆಟ್ ಎತ್ತಿದ. ಕಲ್ಲಿಗೆ ಹೊಡೆದು ಕಾಯಿ ಒಡೆದ. ಹೋಳನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಅದರ ನೀರನ್ನು ಎಳೆಯಾಗಿ ಕಪ್ಪು ಪೆಟ್ಟಿಗೆಯ ನೆತ್ತಿಯ ಮೇಲೆ ಬಿಟ್ಟ.

"ಇದೇನು ಅಣ್ಣ?"

"ತೀರ್ಥ, ಮೇಸ್ತ್ರಿ. ಮೊದಲೆಲ್ಲ ಎಂಜಿನ್ ಮೇಲೆ ನಾಲ್ಕು ಹನಿ ಚಿಮುಕಿಸುತ್ತಿದ್ದೆ. ಇದೇ ಮೆದುಳು ಅಂತ ನೀವು ಹೇಳಿದ ಮೇಲೆ ಪೂರ್ತಿ ಇದಕ್ಕೇ."

ಮೆಕ್ಯಾನಿಕ್ ಬಹಳ ಹೊತ್ತು ಆ ಪೆಟ್ಟಿಗೆಯನ್ನೇ ನೋಡಿದ. ಅವನು ಬೈಯಲಿಲ್ಲ.

"ಇನ್ನು ಮೇಲೆ ಕಾಯಿಯನ್ನು ಚಕ್ರದ ಮುಂದೆ ಒಡೆಯಿರಿ. ನೀರು ನೀವು ಕುಡಿಯಿರಿ," ಎಂದ.

ಕೊಳೆತ ತಂತಿಯ ತುದಿಗಳನ್ನು ಕತ್ತರಿಸಿ ಹೊಸ ಪಿನ್ನು ಹಾಕಿದ. ಮೂರನೆಯ ಪೆಟ್ಟಿಗೆ ತರಿಸಿ ಕೂರಿಸಿದ, ಮತ್ತೆ ಮೊದಲಿನಿಂದ ಪಾಠ ಹೇಳಿಕೊಟ್ಟ. ಟ್ಯಾಕ್ಸಿಯವನಿಗೆ ಮೊದಲ ಕೆಲವು ವಾರ ಹೋಳನ್ನು ಬಾಯಿಗೆತ್ತಲು ಅಳುಕಿತ್ತು. ದೇವರು ಮುನಿದಂತೆ ಕಾಣಲಿಲ್ಲ. ಗಾಡಿ ಇವತ್ತಿಗೂ ಘಾಟಿ ಹತ್ತುತ್ತದೆ. ಸ್ಟೂಲಿನ ಮೇಲೆ ಈಗ ಭಾವಮೈದುನ ಕಾಲು ಚಾಚಿಕೊಳ್ಳುತ್ತಾನೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಮರಿದೇವರು ಮುಗುಳ್ನಕ್ಕರು. ಭಕ್ತಿಯಿಂದಲೇ ಎರಡು ಪೆಟ್ಟಿಗೆ ಕೊಂದನಲ್ಲ ಎಂದರು. ಜಗಲಿಯಲ್ಲಿ ಗುರುಪಾದಪ್ಪ ಬಿಸಿಲು ಬಂದ ಕಡೆಯಿಂದ ಟ್ರಂಕನ್ನು ನೆರಳಿಗೆ ಎಳೆದುಕೊಂಡ ಸದ್ದು ಕೇಳಿತು.

"ಪಾಪ, ಮೂರನೆಯದಕ್ಕೂ ಅವನೇ ದುಡ್ಡು ತೆತ್ತನೇ?" ಎಂದು ಮರಿದೇವರು ಕೇಳಿದರು.

"ಇಲ್ಲ ಮರಿ, ಮೆಕ್ಯಾನಿಕ್ ತನ್ನ ಬೈಕು ಮಾರಿ ತೆತ್ತ, ಮೊದಲನೆಯದು ಏಕೆ ಸತ್ತಿತೆಂದು ಕೇಳದೆ ಎರಡನೆಯದನ್ನು ಕೂರಿಸಿದವನು ಅವನು."