ಬಣ್ಣದ ಗೋಡೆ ಮತ್ತು ದೃಷ್ಟಿಗೊಂಬೆ

ಇಟ್ಟಿಗೆ ಮನೆಯೊಂದು ತೀರಾ ಹಳತಾಗಿ ಕಾಣತೊಡಗಿತ್ತು. ಮನೆಯೊಡತಿ ಗಂಗಮಾಳವ್ವನ ಕೈಯಲ್ಲಿದ್ದ ದುಡ್ಡು ಬೀದಿ ಕಡೆಯ ಗೋಡೆಗಷ್ಟೇ ಸಾಲುವಂತಿತ್ತು. ಯಾರ್ಯಾರದೋ ಮನೆಗಳಲ್ಲಿ ಮಿಕ್ಕಿದ್ದ ಬಣ್ಣದ ಡಬ್ಬಿಗಳನ್ನು ಅಗ್ಗಕ್ಕೆ ತಂದು, ಮುಂಗೋಡೆಗೆ ಗಿಳಿಹಸಿರು, ನೇರಳೆ, ಅಂಚಿಗೆ ಕಿತ್ತಳೆ ಬಳಿಸಿದಳು. ಪಕ್ಕದ ಗೋಡೆ ಬರೀ ಇಟ್ಟಿಗೆಯಾಗಿಯೇ ಉಳಿಯಿತು. ಯಾರ ಕಣ್ಣೂ ಬೀಳದಿರಲೆಂದು ಮುಂಗೋಡೆಗೆ ನಾಲಿಗೆ ಚಾಚಿದ ದೃಷ್ಟಿಗೊಂಬೆಯೊಂದನ್ನು ಕಟ್ಟಿದಳು.

ಮುಂಗೋಡೆ ಗೊಂಬೆಗೆ ಹೇಳಿತು: "ಮೈಯೆಲ್ಲಾ ಕಣ್ಣಾಗಿರಯ್ಯ. ಊರಿನ ಹೊಟ್ಟೆಕಿಚ್ಚೆಲ್ಲ ಇನ್ನು ನನ್ನ ಮೇಲೆಯೇ. ಪಕ್ಕದ ಗೋಡೆಯ ಚಿಂತೆ ನಿನಗೆ ಬೇಡ. ಅವಳನ್ನು ಯಾರು ನೋಡುತ್ತಾರೆ?"

"ಅಪ್ಪಣೆ, ತಾಯಿ," ಎಂದು ಗೊಂಬೆ ಕಣ್ಣು ಕೆಕ್ಕರಿಸಿಕೊಂಡು ಕಾವಲು ನಿಂತಿತು.

ಮೊದಲ ದಿನ ಎಮ್ಮೆಯೊಂದು ಮುಂಗೋಡೆಯನ್ನು ನೋಡಿ ಬಂದ ದಾರಿಗೇ ಹಿಂತಿರುಗಿತು. ಎರಡನೇ ದಿನ ಹಾಲಿನವನು ತಲೆ ಎತ್ತದೆ ಹಾಲು ಅಳೆದುಕೊಟ್ಟು ಹೋದ. ಮೂರನೇ ದಿನ ಎದುರುಮನೆಯವಳು ಮುಂಗೋಡೆಗೆ ಸೆರಗು ಅಡ್ಡ ಹಿಡಿದುಕೊಂಡು ದಾಟಿ, ಪಕ್ಕದ ಗೋಡೆಯ ಮುಂದೆ ನಿಂತು ನಿಟ್ಟುಸಿರು ಬಿಟ್ಟಳು: "ಇಂಥ ಕೆಂಪಿಟ್ಟಿಗೆ ನಮ್ಮನೆಗಿಲ್ಲವಲ್ಲ."

ಅವಳು ಅತ್ತ ಹೋಗುತ್ತಲೇ ಅಲ್ಲಿನ ಒಂದು ಇಟ್ಟಿಗೆ ಚಟ್ಟೆಂದು ಬಿರುಕು ಬಿಟ್ಟಿತು.

ಗೊಂಬೆ ತನ್ನ ಹಗ್ಗದ ಗಂಟು ಬಿಚ್ಚತೊಡಗಿತು.

"ಎಲ್ಲಿಗೆ ಹೊರಟೆ?" ಎಂದಿತು ಮುಂಗೋಡೆ. "ನನ್ನನ್ನು ಕಾಯುವವರು ಯಾರು?"

"ಪಕ್ಕದ ಗೋಡೆಗೆ, ತಾಯಿ. ಕೆಲಸ ಇರುವುದು ಅಲ್ಲಿ," ಎಂದಿತು ಗೊಂಬೆ. "ನೋಡಿದವರು ಬೆದರಿ ಮುಖ ತಿರುಗಿಸಲಿ ಎಂದು ನಾನು ಹಗಲೆಲ್ಲ ನಾಲಿಗೆ ಚಾಚಬೇಕು. ನೀವು ಸುಮ್ಮನೆ ನಿಂತಿದ್ದರೇ ಸಾಕು."