ಬಿಸಿಲಿಗೆ ಹಾಕಿದ ಕಾವಲಿನ ಹುಲ್ಲು

ಶಿವ ಊರ ದನ ಮೇಯುವ ಕಾವಲಿಗೆ ಮಳೆ ಕೊಟ್ಟ, ಮಳೆಗೆ ಹುಲ್ಲು ಕೊಟ್ಟ, ಹುಲ್ಲಿಗೆ ಗಾಳಿ ಕೊಟ್ಟ. ಸಿರಿಯವ್ವನಿಗೆ ಗಾದ್ರಯ್ಯನನ್ನು ಕೊಟ್ಟ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಅದೇ ಅವಳ ಸಂಕಟ.

ಅವಳ ಹಸು ಕೆಂದಿ ತುಂಬಿದ ಗಬ್ಬ. ಮನೆಯಲ್ಲಿ ಮೇವು ಮುಗಿಯುತ್ತ ಬಂದಿತ್ತು. ಕಾವಲಿನಲ್ಲಿ ಹುಲ್ಲು ತೂಗಾಡುತ್ತಿತ್ತು, ಆದರೆ ಹುಲ್ಲಿನ ಅಳತೆ ಮುಗಿಯದೆ ದನ ಬಿಡುವ ಹಾಗಿಲ್ಲ. ಕಾವಲಿನ ನಡುವೆ, ದನ ಬಾಯಿ ಹಾಕದಂತೆ ಬೇಲಿ ಕಟ್ಟಿದ ಎರಡು ತುಂಡು ನೆಲವಿತ್ತು, ಒಂದೊಂದೂ ನಾಲ್ಕು ಕಂಬಳಿ ಹಾಸುವಷ್ಟು. ಬೇಲಿಯೊಳಗಿನ ಹುಲ್ಲನ್ನೂ ಹೊರಗೆ ಅಷ್ಟೇ ನೆಲದ ಹುಲ್ಲನ್ನೂ ಕೊಯ್ದು, ಒಣಗಿಸಿ, ತೂಗಬೇಕು. ಹೊರಗಿನದು ಒಳಗಿನದರ ಅರ್ಧಕ್ಕೆ ಬಂದರೆ ಕಾವಲು ತೆರೆದಂತೆ. ಅಳತೆಗೆ ಬಂದ ಶಂಭುಲಿಂಗಯ್ಯನವರು ಒಬ್ಬ ಆಳು ಬೇಕೆಂದರು. ಬೇಗ ಮುಗಿಯಲೆಂದು ಸಿರಿಯವ್ವ ಮಗನನ್ನು ಕಳಿಸಿ, ಅವರು ಹೇಳಿದ ಹಾಗೆ ಕೇಳಪ್ಪಾ ಎಂದಳು.

ಶಂಭುಲಿಂಗಯ್ಯನವರು ಮರದ ಚೌಕಟ್ಟನ್ನು ಹುಲ್ಲಿನ ಮೇಲಿಟ್ಟರು. ಇದರೊಳಗೆ ಹಸಿರೆಷ್ಟು, ಬರಿ ಮಣ್ಣೆಷ್ಟು ನೋಡು, ಹೊರಗೆ ಕಣ್ಣು ಹಾಯಿಸಬೇಡ ಎಂದು ಹೇಳಿ ಆಚೆ ಹೋದರು. ಗಾದ್ರಯ್ಯ ನೋಡಿದ. ಚೌಕಟ್ಟಿನೊಳಗೆ ಮೋಡದ ನೆರಳು ಹಾದುಹೋಯಿತು. ಇರುವೆಯೊಂದು ಗರಿಕೆ ಹತ್ತಿತು, ಇಳಿಯಿತು. ಪಕ್ಕದಲ್ಲಿ ಯಾರದೋ ಕರು ಬಂದು, ಕೊಯ್ದಿಟ್ಟ ಹುಲ್ಲನ್ನೆಲ್ಲ ಚೀಲದಿಂದೆಳೆದು ತಿಂದಿತು. ಅದು ಚೌಕಟ್ಟಿನ ಹೊರಗೆ, ಅವನು ನೋಡಲಿಲ್ಲ.

ಶಂಭುಲಿಂಗಯ್ಯನವರು ಬೈದರು. "ಹುಲ್ಲಿನ ಹತ್ರ ಯಾವ ಬಾಯಿ ಬಂದ್ರೂ ಓಡಿಸ್ಬೇಕಯ್ಯಾ."

ಸರಿ. ಸಂಜೆ ಮನೆಗೆ ಬಂದರೆ ಕೆಂದಿ ಗೋದಲಿಯಲ್ಲಿ ಬಾಯಿ ಹಾಕಿದ್ದಳು. ಓಡಿಸಿದ. ತಿರುಗಿ ಬಂದಳು, ತಿರುಗಿ ಓಡಿಸಿದ. ಸಿರಿಯವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ಮಂಕೇ, ಹಸಿದು ಬಂದೋರಿಗೆ ಮೊದಲು ಹೊಟ್ಟೆ ತುಂಬಿಸ್ಬೇಕು, ಮಿಕ್ಕ ಕೆಲಸ ಆಮೇಲೆ."

ಸರಿ. ಬೆಳಿಗ್ಗೆ ಶಂಭುಲಿಂಗಯ್ಯನವರು ಅವನನ್ನು ಒಂದು ಬೇಲಿಯ ಬಳಿ ನಿಲ್ಲಿಸಿದರು. ಇಲ್ಲಿಯ ಹುಲ್ಲು ಕೊಯ್ದು ಬಿಸಿಲಿಗೆ ಹಾಕು, ಒಂದು ಮಗ್ಗುಲು ಒಣಗಿದ ಮೇಲೆ ಇನ್ನೊಂದು ಮಗ್ಗುಲಿಗೆ ತಿರುವು ಎಂದು ಹೇಳಿ ಹೋದರು. ಅವನ ಹಿಂದೆಯೇ ಬಂದಿದ್ದ ಕೆಂದಿ ಬೇಲಿಗೆ ಕುತ್ತಿಗೆ ಚಾಚಿ ಅಂಬಾ ಎಂದಳು. ಅವ್ವನ ಮಾತು ನೆನಪಾಯಿತು. ಗಾದ್ರಯ್ಯ ಮುಳ್ಳು ಸರಿಸಿದ. ಗಾಳಿ ಬೀಸಿತು, ಹುಲ್ಲು ಬಾಗಿತು, ಕೆಂದಿ ಮೇಯ್ದಳು. ಆ ಕರಕರ ಸದ್ದು ಕೇಳುತ್ತ ಅವನು ಕಣ್ಣು ಮುಚ್ಚಿ ಕೂತ. ಯಾರೋ ದೂರದಲ್ಲಿ ಜೋಗುಳ ಹಾಡಿದ ಹಾಗಿತ್ತು.

ಬುತ್ತಿ ತಂದ ಸಿರಿಯವ್ವನೂ ಶಂಭುಲಿಂಗಯ್ಯನವರೂ ಒಟ್ಟಿಗೇ ಬಂದರು. ಬೇಲಿಯೊಳಗೆ ಬರಿ ಮಣ್ಣು. ಅಳತೆ ಹೋಯಿತು, ಕಾವಲೂ ಹೋಯಿತು ಎಂದು ಅವಳು ಬುತ್ತಿ ನೆಲಕ್ಕಿಟ್ಟು ಗೋಳಾಡಿದಳು.

"ಹುಲ್ಲೆಲ್ಲಿ, ಗಾದ್ರಯ್ಯ?"

"ಕೆಂದಿಯೊಳಗೈತೆ ಸ್ವಾಮಿ. ಒಣಗ್ಲಿ ಅಂತ ಬಿಸಿಲಿಗೆ ನಿಲ್ಸಿದೀನಿ."

ಶಂಭುಲಿಂಗಯ್ಯನವರು ಕೆಂದಿಯ ಹೊಟ್ಟೆ ನೋಡಿದರು, ಬರಿ ಮಣ್ಣು ನೋಡಿದರು. ಆಮೇಲೆ, "ಇನ್ನೊಂದು ಬೇಲಿ ಉಳಿದೈತಲ್ಲ ತಾಯಿ, ಅದನ್ನ ನಾನೇ ಕೊಯ್ತೀನಿ. ಅಳತೆ ನಿಲ್ಲೋದಿಲ್ಲ. ನಿನ್ನ ಮಗ ಮಾತ್ರ ಆ ಕಡೆ ಸುಳೀಬಾರದು," ಎಂದರು.

ಸಿರಿಯವ್ವ ಉಸಿರು ಬಿಟ್ಟು, ಶಿವನಿಗೆ ಕೈ ಮುಗಿದು, ಮಗನ ಕಡೆ ತಿರುಗಿದಳು. ಗಾದ್ರಯ್ಯ ಕೆಂದಿಯ ಕೊಂಬು ಹಿಡಿದು ಮೆಲ್ಲಗೆ ಬಿಸಿಲಿಗೆ ತಿರುಗಿಸುತ್ತಿದ್ದ.

"ಈ ಮಗ್ಗುಲು ಒಣಗ್ತು ಕಣವ್ವ. ಇನ್ನು ಆ ಮಗ್ಗುಲು."