ಸಿಂಹರಾಯನಿಗೆ ಕಳಿಸಿದ ತೂತು

ಮಕ್ಕಳೇ, ಕಡಲಿನ ಆಚೆ ಒಂದು ನಡುಗಡ್ಡೆ, ಅದರಲ್ಲೊಂದು ಸಿಹಿನೀರಿನ ಕೊಳ. ಅದರ ದೊರೆ ಮಾತ್ರ ಈಚೆ ದಡದ ಸಿಂಹರಾಯ. ಆ ನಡುಗಡ್ಡೆಯನ್ನು ಅವನು ಒಮ್ಮೆಯೂ ಕಂಡವನಲ್ಲ. ನೀರೆಂದರೆ ಅವನಿಗೆ ಭಯ.

ದಂಡಿಗೂ ಕಾವಲಿಗೂ ಟಗರಪ್ಪನನ್ನೂ, ಉಗ್ರಾಣಕ್ಕೂ ನ್ಯಾಯಕ್ಕೂ ಹೆಗ್ಗಣಯ್ಯನನ್ನೂ ಅಲ್ಲಿಗೆ ಕಳಿಸಿದ್ದ. ಇಬ್ಬರೂ ಒಬ್ಬರ ಮೇಲೊಬ್ಬರು ಚಾಡಿ ಬರೆಯುತ್ತಿದ್ದರೆ ಅವನಿಗೆ ಸುಖನಿದ್ದೆ. ಹೆಗ್ಗಣಕ್ಕೆ ಉಗ್ರಾಣ ವಹಿಸಿದ ಜಾಣತನದ ಬಗ್ಗೆ ನಾನೇನೂ ಹೇಳುವುದಿಲ್ಲ.

ಒಂದು ಬೆಳಿಗ್ಗೆ ಕೊಳದ ಏರಿಯಲ್ಲಿ ಸಣ್ಣ ತೂತು ಬಿತ್ತು. ಕಪ್ಪೆ ನೀಲಕ್ಕನ ಮರಿಗಳಿಗೆ ಇನ್ನೂ ಕಾಲು ಮೂಡಿರಲಿಲ್ಲ. ನೀರು ಹೋದರೆ ಮರಿಗಳೂ ಹೋದಂತೆಯೇ. ಅವಳು ಒಂದು ಹಿಡಿ ಕೆಸರು ತಂದಳು.

"ನಿಲ್ಲು! ಏರಿ ಅಂದರೆ ಕೋಟೆ. ಕೋಟೆ ನನ್ನದು," ಎಂದ ಟಗರಪ್ಪ.

"ನೀರು ಅಂದರೆ ದಾಸ್ತಾನು. ದಾಸ್ತಾನು ನನ್ನದು," ಎಂದ ಹೆಗ್ಗಣಯ್ಯ.

"ಯಾರದಾದರೂ ಆಗಲಿ ಸ್ವಾಮಿ, ಇಷ್ಟು ಕೆಸರು ಮೆತ್ತಿಬಿಡ್ತೀನಿ!"

"ದೊರೆಯ ಅಪ್ಪಣೆ ಇಲ್ಲದೆಯೇ?" ಇಬ್ಬರೂ ಒಟ್ಟಿಗೆ ಕಿರುಚಿದರು. ಅವರಿಬ್ಬರು ಒಂದೇ ಮಾತು ಆಡಿದ್ದು ಅದೇ ಮೊದಲು.

ಕಡಲಾಮೆಯ ಬೆನ್ನ ಮೇಲೆ ಎರಡು ಓಲೆ ಹೊರಟವು. ಹೋಗಿ ಬರಲು ಹದಿನೈದು ದಿನ. ಅಷ್ಟು ದಿನವೂ ನೀಲಕ್ಕ ತೂತಿಗೆ ಬೆನ್ನು ಒತ್ತಿ ಕುಳಿತಳು, ಪಾಪ. ಕೂರಬಾರದೆಂಬ ಕಾನೂನನ್ನು ಹೆಗ್ಗಣಯ್ಯ ಎಷ್ಟು ಹುಡುಕಿದರೂ ಸಿಗಲಿಲ್ಲ.

ಉತ್ತರ ಬಂತು: "ನೋಡದೆ ಅಪ್ಪಣೆ ಕೊಡಲಾಗದು. ತೂತನ್ನು ಕಳಿಸಿ."

"ತೂತನ್ನು ಕಳಿಸೋದು ಹೇಗೆ?" ಎಂದಿತು ಆಮೆ.

"ಸುತ್ತಲಿನ ಮಣ್ಣು ಸಮೇತ!" ಎಂದ ಹೆಗ್ಗಣಯ್ಯ.

"ಬೇಡ್ರಪ್ಪಾ, ನನ್ನ ಮಕ್ಕಳಿದ್ದಾರೆ!" ನೀಲಕ್ಕ ಗೋಗರೆದಳು. ಯಾರು ಕೇಳುತ್ತಾರೆ? ಟಗರಪ್ಪ ಗುದ್ದಿದ, ಹೆಗ್ಗಣಯ್ಯ ಅಗೆದ. ಬುಟ್ಟಿ ಗಾತ್ರದ ಹೆಂಟೆ ಆಮೆಯ ಬೆನ್ನೇರಿದ್ದೇ ತಡ, ನೀರು ಭೋರೆಂದು ನುಗ್ಗಿತು. ಆಮೆಯೊಂದಿಗೆ ಅಧಿಕಾರಿಗಳಿಬ್ಬರೂ ಕಡಲಿಗೆ ಕೊಚ್ಚಿಹೋದರು.

"ಬನ್ರೋ, ಈಗ ಬೇಡ ಅನ್ನೋರು ಯಾರೂ ಇಲ್ಲ!" ಎಂದು ನೀಲಕ್ಕ ಕೂಗಿದಳು. ಏಡಿ, ಬಾತುಕೋಳಿ, ಮರಿಗಳ ಮೇಲೆ ಕಣ್ಣಿಟ್ಟಿದ್ದ ಕೊಕ್ಕರೆ ಕೂಡ ಕೆಸರು ತಂದು ಸುರಿದವು. ಅರ್ಧ ಕೊಳ ಉಳಿಯಿತು, ಮರಿಗಳೂ ಉಳಿದವು.

ಇತ್ತ ಆಮೆ ಈಚೆ ದಡ ಮುಟ್ಟಿತು. ಅದರ ಬಾಲ ಹಿಡಿದು ಇಬ್ಬರು ಅಧಿಕಾರಿಗಳು ನೆನೆದು ತೊಪ್ಪೆಯಾಗಿ ಬಂದಿದ್ದರು.

"ತೂತೆಲ್ಲಿ?" ಎಂದ ಸಿಂಹರಾಯ.

"ಮಣ್ಣು ನೀರಿಗೆ ಕರಗಿತು ಮಹಾಪ್ರಭು," ಎಂದ ಹೆಗ್ಗಣಯ್ಯ. "ಬೆನ್ನ ಮೇಲೆ ತೂತು ಮಾತ್ರ ಉಳಿದಿದೆ."

ಸಿಂಹರಾಯ ಬರಿ ಚಿಪ್ಪನ್ನು ಬಹಳ ಹೊತ್ತು ಪರೀಕ್ಷಿಸಿದ.

"ಚಿಕ್ಕದೇ ಇದೆ, ಮುಚ್ಚಬಹುದು," ಎಂದು ಮೊಹರು ಒತ್ತಿದ.

ನೀತಿ: ನೀರು ಸೋರುವಾಗ ಕೆಸರು ಹಿಡಿದವರಿಗೆ ದಾರಿ ಬಿಡಿ, ದೂರದ ದೊರೆಯ ಅಪ್ಪಣೆ ಬರುವಷ್ಟರಲ್ಲಿ ಕೊಳವೇ ಇರುವುದಿಲ್ಲ.